ಮೇಷ್ಟ್ರ ತಲೆಯೊಳಗಿನ ಮ್ಯೂಸಿಯಂ

ಸಣ್ಣ ಊರಿನ ಮ್ಯೂಸಿಯಂಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ನಮ್ಮೂರಿನ ಮ್ಯೂಸಿಯಂ ಎರಡೇ ಕೋಣೆಯದು. ಅದನ್ನು ಕಟ್ಟಿದ ನಿವೃತ್ತ ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಯಾವ ವಸ್ತು ಎಲ್ಲಿಂದ ಬಂತು, ಯಾರು ಕೊಟ್ಟರು ಅನ್ನೋದು ಅವರಿಗೆ ಮಾತ್ರ ಗೊತ್ತು, ಬರೆದಿಟ್ಟಿದ್ದು ಏನೂ ಇಲ್ಲ. ಸಹಾಯಕ್ಕೆ ನಾವು ನಾಲ್ಕು ಜನ ರೆಡಿ ಇದ್ದೇವೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಮೇಷ್ಟ್ರಿಂದಲೇ. ಗೋಡೆಗೆ ಬಣ್ಣ, ಹೊಸ ಕಪಾಟು, ಬಾಗಿಲಿಗೆ ಬೋರ್ಡು ಎಲ್ಲ ಆಮೇಲೆ ನೋಡಿಕೊಂಡರಾಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಸಂದರ್ಶನ ಮಾಡಬೇಡಿ. ಕೂತ ಕೂಡಲೇ ಭಾಷಣ ಶುರುವಾಗುತ್ತದೆ, ಮೇಷ್ಟ್ರಲ್ವಾ. ವಸ್ತುವಿನ ಪಕ್ಕ ಕರೆದುಕೊಂಡು ಹೋಗಿ, ಆಗುವಂಥದ್ದಾದರೆ ಕೈಗೇ ಕೊಡಿ, ಫೋನಿನಲ್ಲಿ ರೆಕಾರ್ಡ್ ಹಾಕಿ.

ಕೇಳುವ ಪ್ರಶ್ನೆಯೂ ಮುಖ್ಯ. "ಇದೇನು ಸರ್?" ಅಂದರೆ "ಕಂದೀಲು" ಅಂತಾರೆ, ಮುಗೀತು. ಅದರ ಬದಲು, ಇದು ಯಾರ ಹತ್ತಿರ ಇತ್ತು, ಯಾವ ಹೊತ್ತಿನಲ್ಲಿ ಹಚ್ಚುತ್ತಿದ್ದರು, ನಿಮ್ಮ ಕೈಗೆ ಹೇಗೆ ಬಂತು, ಗಾಜಿನ ಒಂದು ಮಗ್ಗುಲಿಗೆ ಮಾತ್ರ ಕೆಂಪು ಬಣ್ಣ ಯಾಕೆ ಬಳಿದಿದೆ ಎಂದು ಕೇಳಿ ನೋಡಿ. ಆಗ ಹೊರಗೆ ಬರುತ್ತದೆ: ಅದು ಮನೆ ದೀಪ ಅಲ್ಲ, ರೈಲ್ವೆ ಗೇಟಿನಲ್ಲಿ ರಾತ್ರಿ ಪಾಳಿಯವನು ಹಿಡಿದು ನಿಲ್ಲುತ್ತಿದ್ದದ್ದು, ಗೇಟು ತೆಗೆದ ಮೇಲೆ ಗುಜರಿಗೆ ಹೊರಟಿದ್ದನ್ನು ಅವನ ಮಗ ತಂದುಕೊಟ್ಟಿದ್ದು ಅಂತ. ಇಷ್ಟು ಗೊತ್ತಿಲ್ಲದಿದ್ದರೆ ನಿಮ್ಮ ಕಂದೀಲಿಗೂ ಗುಜರಿಯಲ್ಲಿ ಬಿದ್ದಿರುವ ಕಂದೀಲಿಗೂ ಏನೂ ವ್ಯತ್ಯಾಸ ಇಲ್ಲ.

ಅವತ್ತೇ ರಿಜಿಸ್ಟರಿಗೆ ಇಳಿಸಿ. ಗಟ್ಟಿ ರಟ್ಟಿನ, ಪುಟಸಂಖ್ಯೆ ಇರುವ ಪುಸ್ತಕ ಬೇಕು, ಬಿಡಿ ಹಾಳೆ ಬೇಡ. ಪ್ರತಿ ವಸ್ತುವಿಗೂ ಒಂದು ನಂಬರು. ಮ್ಯೂಸಿಯಂಗಳಲ್ಲಿ ಜಾಸ್ತಿ ನಡೆಯುವ ಪದ್ಧತಿ ಹೀಗೆ: 2025.4.2 ಅಂದರೆ 2025ರಲ್ಲಿ ಬಂದ ನಾಲ್ಕನೇ ಕೊಡುಗೆಯ ಎರಡನೇ ವಸ್ತು. ಬಂದ ವರ್ಷ ಗೊತ್ತಿಲ್ಲದವಕ್ಕೆ ಅಂದಾಜಿನ ವರ್ಷ ಹಾಕಬೇಡಿ, ನಂಬರಿನ ಮುಂದೆ ಬೇರೆ ಗುರುತು ಇಡಿ. ಮಾಹಿತಿಯ ಎದುರಿಗೆ "ಮೇಷ್ಟ್ರು ಹೇಳಿದ್ದು, ಇಂಥ ತಾರೀಖು" ಎಂದು ಬರೆಯಿರಿ. ಎಂಥವರ ನೆನಪೂ ಒಮ್ಮೊಮ್ಮೆ ತಪ್ಪುತ್ತದೆ. ಇನ್ನೊಬ್ಬರು ಬಂದು "ಹಾಗಲ್ಲ, ಅದು ನಮ್ಮ ದೊಡ್ಡಪ್ಪನದು" ಅಂದರೆ ಜಗಳಕ್ಕೆ ಬೀಳಬೇಡಿ, ಅದನ್ನೂ ಕೆಳಗೆ ಬರೆದಿಡಿ.

ನಂಬರು ಬರೆಯುವಾಗ ಮಾರ್ಕರ್ ಪೆನ್ ಹತ್ತಿರಕ್ಕೂ ಬರಬಾರದು. ಕಾಗದವಾದರೆ ಹಿಂದೆ ಮೆತ್ತನೆ ಪೆನ್ಸಿಲ್. ಬಟ್ಟೆಯಾದರೆ ಹತ್ತಿ ಪಟ್ಟಿಯ ಮೇಲೆ ಬರೆದು, ಎರಡು ಸಡಿಲ ಹೊಲಿಗೆ. ಲೋಹ, ಪಿಂಗಾಣಿಗೆ ಪ್ಯಾರಲಾಯ್ಡ್ ಬಿ-72 ಎಂಬ ತಿಳಿ ಅಂಟಿನ ಒಂದು ಪದರ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಬರೆಯುತ್ತಾರೆ; ಬೇಡವಾದಾಗ ಅಸಿಟೋನಿನಲ್ಲಿ ಒರೆಸಿದರೆ ಹೋಗುತ್ತದೆ. ಬಣ್ಣ ಬಳಿದ ವಸ್ತು, ಪ್ಲಾಸ್ಟಿಕ್ ಆದರೆ ಇದೂ ಬೇಡ, ದಾರದಲ್ಲಿ ಚೀಟಿ ಕಟ್ಟಿ ಸಾಕು.

ಅಂದಹಾಗೆ ಈ ಚೀಟಿ ಅಂಟಿಸುವ ಕೆಲಸ ತುಂಬಾ ಹಳೆಯದು. 1925ರ ಹೊತ್ತಿಗೆ ಇರಾಕಿನ ಪ್ರಾಚೀನ ಊರ್ ನಗರವನ್ನು ಅಗೆಯುತ್ತಿದ್ದ ಬ್ರಿಟಿಷ್ ಪುರಾತತ್ವಜ್ಞ ಲೆನರ್ಡ್ ವುಲಿಗೆ ಒಂದೇ ಕಡೆ ಬೇರೆ ಬೇರೆ ಶತಮಾನಗಳ ವಸ್ತುಗಳು ಸಿಕ್ಕಿದವು. ಜೊತೆಗೆ ಮಣ್ಣಿನ ಪುಟ್ಟ ಉರುಳೆಯೊಂದು. ಅದರ ಮೇಲೆ ಹಳೆ ಇಟ್ಟಿಗೆಗಳ ಬರಹದ ನಕಲು, ಆ ಇಟ್ಟಿಗೆ ಎಲ್ಲಿ ಸಿಕ್ಕಿತು, ನಕಲು ಮಾಡಿದ್ದು ಯಾಕೆ ಎಂಬ ವಿವರ. ಮ್ಯೂಸಿಯಂ ಲೇಬಲ್ ಇದು ಎಂದೇ ವುಲಿ ತೀರ್ಮಾನಿಸಿದರು. ಎರಡೂವರೆ ಸಾವಿರ ವರ್ಷದ ಹಿಂದಿನವರು ಮಾಡಿದ್ದನ್ನು ನಾವು "ಮುಂದಿನ ವರ್ಷ ನೋಡೋಣ" ಅಂತ ತಳ್ಳುತ್ತಿದ್ದೇವೆ.

ಪ್ರಶ್ನೆ: ಅಜ್ಜನ ಕಾಲದ ಪತ್ರ, ಫೋಟೋಗಳನ್ನು ಊರಿನ ಮ್ಯೂಸಿಯಂಗೆ ಕೊಡಬೇಕೆಂದಿದ್ದೇವೆ. ಲ್ಯಾಮಿನೇಷನ್ ಮಾಡಿಸಿ ಕೊಟ್ಟರೆ ಒಳ್ಳೆಯದಲ್ವಾ?

ಉತ್ತರ: ಬೇಡ. ದಯವಿಟ್ಟು ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದ ಹಾಗೆ ಬಿಡಿಸೋದು ಹೆಚ್ಚುಕಡಿಮೆ ಆಗದ ಮಾತು. ಹರಿದ ಕಡೆ ಸೆಲ್ಲೋಟೇಪ್ ಕೂಡ ಹಾಕಬೇಡಿ, ಕೆಲವೇ ವರ್ಷಕ್ಕೆ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರಿದರೂ ಕಲೆ ಉಳಿಯುತ್ತದೆ. ಪಿನ್ನು, ಕ್ಲಿಪ್ಪು ಇದ್ದರೆ ಮೆಲ್ಲಗೆ ತೆಗೆಯಿರಿ, ತುಕ್ಕು ಹಿಡಿಯುತ್ತವೆ. ಇದ್ದದ್ದನ್ನು ಇದ್ದ ಹಾಗೇ ಕೊಡಿ.

ಕೊಡುವ ಮುಂಚೆ ಮನೆಯಲ್ಲಿ ಹಿರಿಯರು ಇದ್ದರೆ ಫೋಟೋ ಮುಂದಿಟ್ಟುಕೊಂಡು ಎಡದಿಂದ ಬಲಕ್ಕೆ ಯಾರ್ಯಾರು ಎಂದು ಕೇಳಿ ಪಟ್ಟಿ ಮಾಡಿ. ಹೆಸರಿಲ್ಲದ ಗುಂಪಿನ ಫೋಟೋಗಳು ಪ್ರತಿ ಮ್ಯೂಸಿಯಂನಲ್ಲೂ ಪೆಟ್ಟಿಗೆಗಟ್ಟಲೆ ಇರುತ್ತವೆ, ಅವುಗಳಿಗೆ ಇನ್ನೊಂದು ಸೇರಿಸುವುದು ಬೇಡ.

ಮತ್ತೆ, ಕೊಟ್ಟಿದ್ದಕ್ಕೆ ಕಾಗದ ಇರಲಿ. ದಾನವೋ, ಸ್ವಲ್ಪ ಕಾಲಕ್ಕೆ ಎರವಲೋ ಎಂದು ಸ್ಪಷ್ಟವಾಗಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ಬಾಯಿಮಾತಲ್ಲಿ ಕೊಟ್ಟ ವಸ್ತುವನ್ನು ಮೊಮ್ಮಕ್ಕಳು ಬಂದು ವಾಪಸ್ ಕೇಳಿದಾಗ ಆಗುವ ರಾದ್ಧಾಂತ ನೋಡಿದವರಿಗೇ ಗೊತ್ತು. ಮ್ಯೂಸಿಯಂನವರು "ಇದು ನಮಗೆ ಬೇಡ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟಿದ್ದನ್ನೆಲ್ಲ ತಗೊಂಡರೆ ಅದು ಗೋಡೌನ್ ಆಗುತ್ತದೆ.

ಪ್ರಶ್ನೆ: ಹಳೇ ಮರದ ಪೆಟ್ಟಿಗೆಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ನುಸಿಗುಳಿಗೆ ಹಾಕಿದ್ದೇವೆ, ಸಾಕಾ?

ಉತ್ತರ: ಸಾಲದು. ಅದು ಕುಟ್ಟೆ, ಹುಳ ಒಳಗೆ ಕೊರೆಯುತ್ತಿದೆ. ಮೊದಲು ಆ ಪೆಟ್ಟಿಗೆಯನ್ನು ಬೇರೆ ಕೋಣೆಗೆ ಸಾಗಿಸಿ. ಬೂಷ್ಟು ವಾಸನೆ ಬರುತ್ತಿದ್ದರೆ ಗೋಡೆಯ ತೇವವನ್ನೂ ನೋಡಿ, ತೇವ ಹೋಗದೆ ಹುಳ ಹೋಗಲ್ಲ. ಬಟ್ಟೆ, ಪುಸ್ತಕ, ಬಣ್ಣವಿಲ್ಲದ ಸಣ್ಣ ಮರದ ವಸ್ತುಗಳಿಗೆ ವಿಷವೇ ಬೇಕಿಲ್ಲ: ಗಾಳಿಯಾಡದ ಹಾಗೆ ಪಾಲಿಥೀನ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ತಣ್ಣಗಿರುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ವಸ್ತುವಿನ ಮೇಲೆಯೇ ನೀರು ಕಟ್ಟುತ್ತದೆ. ಬಣ್ಣದಲ್ಲಿ ಬರೆದ ಚಿತ್ರ, ಗಾಜಿನ ನೆಗೆಟಿವ್, ದಂತದ ವಸ್ತುಗಳನ್ನು ಫ್ರೀಜರಿಗೆ ಹಾಕಲೇಬಾರದು. ಹುಲ್ಲು ತುಂಬಿಸಿದ ಹಳೆ ಪ್ರಾಣಿ-ಪಕ್ಷಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹುಳ ಬಾರದಿರಲಿ ಎಂದು ಆ ಕಾಲದಲ್ಲಿ ಚರ್ಮಕ್ಕೆ ಆರ್ಸೆನಿಕ್ ಬಳಿಯುತ್ತಿದ್ದರು.

ಪ್ರಶ್ನೆ: ಹಳೆಯ ಸಮವಸ್ತ್ರವೊಂದನ್ನು ಕಿಟಕಿ ಪಕ್ಕ ಇಟ್ಟಿದ್ದೇವೆ, ಚೆನ್ನಾಗಿ ಕಾಣಲಿ ಅಂತ. ತೊಂದರೆ ಇಲ್ಲ ಅಲ್ವಾ?

ಉತ್ತರ: ಇದೆ. ಬಟ್ಟೆಗೂ ಕಾಗದಕ್ಕೂ 50 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಮಿತಿ ಅಂತ ಮ್ಯೂಸಿಯಂನವರು ಪಾಲಿಸುತ್ತಾರೆ. ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಮಾಸಿದ ಬಣ್ಣ ಕತ್ತಲೆಯಲ್ಲಿಟ್ಟರೆ ವಾಪಸ್ ಬರಲ್ಲ. ಇವತ್ತೇ ಜಾಗ ಬದಲಿಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಕೆಲವು ತಿಂಗಳಿಗೊಮ್ಮೆ ಒಳಗಿಟ್ಟು ಬೇರೆಯದನ್ನು ಹೊರಗೆ ಇಡಿ.

ಪ್ರಶ್ನೆ: ನಮ್ಮ ಮ್ಯೂಸಿಯಂಗೆ ಯಾರೂ ಬರಲ್ಲ. ಊರಿನವರೇ ಬರಲ್ಲ. ಸುಮ್ನೆ ಎಲ್ಲವನ್ನೂ ದೊಡ್ಡ ಊರಿನ ಮ್ಯೂಸಿಯಂಗೆ ಕೊಟ್ಟು ಬಾಗಿಲು ಹಾಕಿಬಿಡೋಣ ಅನ್ನಿಸುತ್ತಿದೆ.

ಉತ್ತರ: ದೊಡ್ಡವರು ಚೆನ್ನಾಗಿರುವ ನಾಲ್ಕು ವಸ್ತು ಆರಿಸಿಕೊಂಡು ಮಿಕ್ಕಿದ್ದನ್ನು ಬಿಡುತ್ತಾರೆ, ಆಮೇಲೆ ಆ ನಾಲ್ಕೂ ಉಗ್ರಾಣದಲ್ಲಿ ಕೂರುತ್ತವೆ. ಅದಕ್ಕೇ ಬಾಗಿಲು ಹಾಕುವ ಮುಂಚೆ ಒಂದು ಕೇಳುತ್ತೇನೆ: ಕಪಾಟಿನಲ್ಲಿರೋದನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ? ಒಮ್ಮೆ ನೋಡಿದವರು ಅದೇ ನೋಡೋಕೆ ಯಾಕೆ ಮತ್ತೆ ಬರಬೇಕು?

ಅಮೆರಿಕದ ವಾಷಿಂಗ್ಟನ್ ನಗರದ ಅನಕೋಸ್ಟಿಯಾ ಎಂಬ ಬಡಾವಣೆಯಲ್ಲಿ 1967ರಲ್ಲಿ, ದೊಡ್ಡ ದೊಡ್ಡ ಮ್ಯೂಸಿಯಂ ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯವರು ಹಳೆಯ ಸಿನಿಮಾ ಥಿಯೇಟರೊಂದರಲ್ಲಿ ಪುಟ್ಟ ಮ್ಯೂಸಿಯಂ ತೆರೆದರು. ನಿರ್ದೇಶಕ ಜಾನ್ ಕಿನಾರ್ಡ್ ಮ್ಯೂಸಿಯಂ ಓದು ಓದಿದವರಲ್ಲ, ಜನರ ನಡುವೆ ಕೆಲಸ ಮಾಡಿದ್ದ ಪಾದ್ರಿ. ಅಲ್ಲಿನ ಮನೆಗಳಲ್ಲಿ ಇಲಿ ಕಾಟ ಜಾಸ್ತಿ. 1969ರಲ್ಲಿ ಅವರು ಇಲಿಗಳ ಬಗ್ಗೆಯೇ ಪ್ರದರ್ಶನ ಮಾಡಿದರು, ಜೀವಂತ ಇಲಿಗಳನ್ನೇ ಇಟ್ಟು! ನನಗೆ ಇದು ಬಲು ಇಷ್ಟ. ಊರಿನವರನ್ನು ಈಗ ಏನು ಕಾಡುತ್ತಿದೆಯೋ, ನೀರೋ, ರಸ್ತೆಯೋ, ಮುಚ್ಚಿದ ಕಾರ್ಖಾನೆಯೋ, ಅದರ ಹಳೆ ಫೋಟೋ, ಅರ್ಜಿ, ನಕ್ಷೆ ತೆಗೆದು ಒಂದು ಗೋಡೆಗೆ ಹಾಕಿ ನೋಡಿ. ಜೊತೆಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಇಡಿ. ಬಂದವರು "ಇದು ತಪ್ಪು" ಎಂದು ಬರೆದು ಹೋದರೂ ಲಾಭವೇ.

ಪ್ರಶ್ನೆ: ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರೆ ವಸ್ತುಗಳೇ ಯಾಕೆ ಬೇಕು?

ಉತ್ತರ: ಫೋಟೋದಲ್ಲಿ ಕಂದೀಲಿನ ಭಾರ ಗೊತ್ತಾಗಲ್ಲ. ಆದರೂ ಸ್ಕ್ಯಾನ್ ಮಾಡಿ. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲಿನ ರಿಯೋದಲ್ಲಿ ಇನ್ನೂರು ವರ್ಷದ ರಾಷ್ಟ್ರೀಯ ಮ್ಯೂಸಿಯಂ ಹೊತ್ತಿ ಉರಿಯಿತು. ಅಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು, ಬಹುಪಾಲು ಹೋದವು. ಬೆಂಕಿ ಆರಿಸಲು ಬಂದವರಿಗೆ ಹತ್ತಿರದ ನಲ್ಲಿಗಳಲ್ಲಿ ನೀರೇ ಸಿಗಲಿಲ್ಲ. ಆಮೇಲೆ, ನಿಮ್ಮ ಬಳಿ ಇರುವ ಫೋಟೋಗಳನ್ನು ಕಳಿಸಿ ಎಂದು ವಿದ್ಯಾರ್ಥಿಗಳು ಅಲ್ಲಿಗೆ ಹೋಗಿದ್ದವರನ್ನು ಬೇಡಿಕೊಳ್ಳಬೇಕಾಯಿತು. ನಿಮ್ಮ ರಿಜಿಸ್ಟರಿನ ಪ್ರತಿ ಪುಟದ ಫೋಟೋ ತೆಗೆದು ಬೇರೆ ಕಟ್ಟಡದಲ್ಲಿ ಒಂದು ಪ್ರತಿ ಇಡಿ. ವೈರಿಂಗ್ ಹಳೆಯದಾಗಿದ್ದರೆ ಅದನ್ನು ಮೊದಲು ಬದಲಿಸಿ.

ಪ್ರಶ್ನೆ: ಹುಡುಗರು ಎರಡು ವಾರ ಬರುತ್ತಾರೆ, ಆಮೇಲೆ ನಾಪತ್ತೆ. ಏನು ಮಾಡೋದು?

ಉತ್ತರ: ಧೂಳು ಒರೆಸಲು ಕರೆದಿದ್ದರೆ ನಾನೂ ನಾಪತ್ತೆಯಾಗುತ್ತಿದ್ದೆ. ಅವರಿಗೆ ಒಂದು ಪೂರ್ತಿ ಕಪಾಟು ವಹಿಸಿಕೊಡಿ: ಏನಿಡಬೇಕು, ಏನು ಬರೆಯಬೇಕು ಎಲ್ಲ ಅವರದೇ. ತಪ್ಪು ಮಾಡಿದರೆ ತಿದ್ದಿ. ಹಾಗೇ, ಬೀಗದ ಎರಡನೇ ಕೀ ಮತ್ತು ಕಂಪ್ಯೂಟರಿನ ಪಾಸ್‌ವರ್ಡು ಇನ್ನೊಬ್ಬರ ಹತ್ತಿರ ಇರಲಿ. ಯಾರ ಹತ್ತಿರ ಇದೆ ಅನ್ನೋದನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆಯಿರಿ.