ಫೇಲಾದದ್ದನ್ನು ಮನೆಯಲ್ಲಿ ಹೇಳಿಲ್ಲ, ಓದು ಬಿಡಲೇ?

ಪ್ರಶ್ನೆ: ನನಗೆ 38 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪಿಯುಸಿಗೇ ನಿಂತಿದ್ದ ಓದನ್ನು ದೂರಶಿಕ್ಷಣದ ಬಿ.ಕಾಂ. ಮೂಲಕ ಮುಂದುವರಿಸಿದ್ದೇನೆ. 45 ತುಂಬುವುದರೊಳಗೆ ಸಿ.ಎ. ಆಗಬೇಕೆಂಬುದು ನನ್ನ ಗುರಿ. ಆದರೆ ಕಾಸ್ಟ್ ಅಕೌಂಟಿಂಗ್‌ನಲ್ಲಿ ಎರಡನೇ ಬಾರಿಯೂ ಫೇಲಾಗಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲವೆಂದು ಹೆಂಡತಿಗೆ ಸುಳ್ಳು ಹೇಳಿದ್ದೇನೆ. ಎಸ್‌ಎಸ್‌ಎಲ್‌ಸಿ ಓದುವ ಮಗಳಿಗೆ ಮುಖ ತೋರಿಸಲು ನಾಚಿಕೆ. ಓದು ಬಿಟ್ಟುಬಿಡಲೇ?
– ಹೆಸರು ಬೇಡ, ಬ್ಯಾಡಗಿ

ಉತ್ತರ: ಓದು ಬಿಡಬೇಡಿ. ಹಾಗೆಂದು ಈಗಿನ ಗುರಿಯನ್ನು ಇದ್ದ ಹಾಗೆಯೇ ಹೊತ್ತುಕೊಂಡು ಹೋಗುವುದೂ ಬೇಡ, ಏಕೆಂದರೆ ಅದರ ಖರ್ಚುವೆಚ್ಚವನ್ನು ನೀವಿನ್ನೂ ಬರೆದು ನೋಡಿದಂತಿಲ್ಲ. ಲೆಕ್ಕ ಬರೆಯುವವರು ಹೀಗೆ ಮಾಡಬಾರದಿತ್ತು.

ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರಿಗೆ ಸಿ.ಎ. ಫೌಂಡೇಶನ್ ಪರೀಕ್ಷೆಯಿಂದ ವಿನಾಯಿತಿ ಉಂಟು, ನಿಜ. ಆದರೆ ಇಂಟರ್‌ಮೀಡಿಯೆಟ್, ಫೈನಲ್ ಎರಡನ್ನೂ ದಾಟಬೇಕು. ಜೊತೆಗೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಅಂಗಡಿಯ ಕೆಲಸ ಬಿಟ್ಟು ಸಿ.ಎ. ಒಬ್ಬರ ಕಚೇರಿಯಲ್ಲಿ ಅಲ್ಪ ಸ್ಟೈಪೆಂಡ್‌ಗೆ ದುಡಿಯುವುದು, ಅದೂ ಮಗಳ ಕಾಲೇಜು ಶುಲ್ಕ ಕಟ್ಟುವ ವರ್ಷಗಳಲ್ಲಿ. ಸಾಧ್ಯವೇ ಇಲ್ಲವೆಂದು ನಾನು ಹೇಳಲಾರೆ. ಅದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಬೇಕಾದ ಮಾತು. ಬಿ.ಕಾಂ. ಮುಗಿಸಿದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ವ್ಯಾಪಾರಸ್ಥರ ರಿಟರ್ನ್ ಸಲ್ಲಿಸಬಹುದು. ಬ್ಯಾಡಗಿಯಂಥ ಪೇಟೆಯಲ್ಲಿ, ದಿನವೂ ವರ್ತಕರ ನಡುವೆಯೇ ಇರುವ ನಿಮಗೆ, ಈ ಕೆಲಸ ಸಿಗದೇ ಹೋಗಲಾರದು. ಸದ್ಯಕ್ಕೆ ಪದವಿಯೊಂದೇ ಗುರಿಯಾಗಿರಲಿ.

ಇನ್ನು ಫೇಲಾದ ವಿಷಯ. ಎರಡು ಬಾರಿ ಫೇಲಾದೆನೆಂದು ಬರೆದಿದ್ದೀರಿ, ಎಲ್ಲಿ ತಪ್ಪಿದೆನೆಂದು ಬರೆದಿಲ್ಲ. ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿಕೊಳ್ಳಿ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪಿತ್ತಿದೆ. ಸೂತ್ರ ತಪ್ಪಿತೋ, ಸಮಯ ಸಾಲಲಿಲ್ಲವೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ ಅದರಲ್ಲಿ ಕಾಣುತ್ತದೆ, ಮತ್ತು ಮೂರಕ್ಕೂ ಮದ್ದು ಬೇರೆ ಬೇರೆ.

ಈ ವಿಷಯದಲ್ಲಿ ಹಲವರು ಮುಗ್ಗರಿಸುವುದು ಪ್ರೊಸೆಸ್ ಕಾಸ್ಟಿಂಗ್‌ನ, ಅಂದರೆ ತಯಾರಿಕೆಯ ಒಂದೊಂದು ಹಂತಕ್ಕೂ ವೆಚ್ಚ ಲೆಕ್ಕಹಾಕುವ ಪಾಠದ, ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟಗಳಲ್ಲಿ. 19,000 ರೂಪಾಯಿಯ 100 ಕೆ.ಜಿ. ಕಾಯಿ ಒಣಗಿ 5 ಕೆ.ಜಿ. ಕಡಿಮೆಯಾಗುವುದು ಸಹಜವೆಂದುಕೊಳ್ಳಿ. ಆ ವೆಚ್ಚವನ್ನು ಉಳಿಯಬೇಕಾದ 95 ಕೆ.ಜಿ.ಗೆ ಹಂಚಿದರೆ ಕೆ.ಜಿ.ಗೆ 200 ರೂಪಾಯಿ. ತೂಗಿದಾಗ 92 ಕೆ.ಜಿ. ಮಾತ್ರ ಬಂದರೆ, ಹೆಚ್ಚುವರಿಯಾಗಿ ಹೋದ 3 ಕೆ.ಜಿ.ಯ 600 ರೂಪಾಯಿ ಅಸಾಮಾನ್ಯ ನಷ್ಟ. ಅದು ಲಾಭ-ನಷ್ಟದ ಖಾತೆಗೆ ಹೋಗುತ್ತದೆ. ಚೀಲ ನೋಡಿಯೇ ತೂಕದ ಅಂದಾಜು ಹೇಳಬಲ್ಲವರಿಗೆ ಇದು ಬಾರದ ವಿದ್ಯೆಯಲ್ಲ. ಆವಕ ಹೆಚ್ಚಿರುವ ಜನವರಿಯಿಂದ ಮಾರ್ಚ್‌ವರೆಗೆ ರಾತ್ರಿ ಹತ್ತಕ್ಕೆ ಮನೆಗೆ ಬಂದು ಓದುತ್ತೇನೆಂದು ಹಟ ಹಿಡಿಯುವ ಬದಲು, ಮಳೆಗಾಲದಲ್ಲೇ ಈ ಪೇಪರನ್ನು ಮುಗಿಸಿಟ್ಟುಕೊಳ್ಳಿ.

ಹೆಂಡತಿಗೆ ಮಾತ್ರ ಇವತ್ತೇ ಹೇಳಿ. ಅವರಿಗೆ ನೋವಾಗುವುದು ನೀವು ಫೇಲಾದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ, ಮತ್ತು ದಿನ ಕಳೆದಂತೆ ಅದು ಹೆಚ್ಚುತ್ತದೆ. ಮಗಳಿಗೂ ತಿಳಿಯಲಿ, ಅಪ್ಪ ಫೇಲಾಗಿ ಮತ್ತೆ ಪುಸ್ತಕ ಹಿಡಿದದ್ದನ್ನು ಕಣ್ಣಾರೆ ಕಂಡ ಹುಡುಗಿ ತನ್ನ ಅಂಕ ಕಡಿಮೆಯಾದಾಗ ನಿಮ್ಮಿಂದ ಬಚ್ಚಿಡಲಾರಳು. ಉತ್ತರಪತ್ರಿಕೆಯ ಪ್ರತಿಗೆ ಶುಲ್ಕವೂ ಗಡುವೂ ಇರುತ್ತವೆ, ಆದ್ದರಿಂದ ಈ ವಾರವೇ ಅರ್ಜಿ ಹಾಕಿ. ಆ ನಕಲು ನಿಮ್ಮ ಮನೆಯ ವಿಳಾಸಕ್ಕೇ ಬರಲಿ.