35ಕ್ಕೆ ನಂಬರ್ ಒನ್, 76ಕ್ಕೆ ಗ್ರ್ಯಾಮಿ

ಪ್ರಶ್ನೆ: ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ 14 ವರ್ಷದಿಂದ ಹಾಡುತ್ತಿದ್ದೇನೆ. ಈಗ 36. ಮೇಲಿನ ಸ್ವರಕ್ಕೆ ಗಂಟಲು ಮೊದಲಿನಷ್ಟು ಸಲೀಸಾಗಿ ಏಳುವುದಿಲ್ಲ. ಹೋದ ವರ್ಷ ಒಬ್ಬರು ‘ಚಿಕ್ಕ ಹುಡುಗಿ ಯಾರೂ ಇಲ್ವಾ?’ ಅಂತ ನನ್ನೆದುರೇ ಕೇಳಿದರು. ನೀವು ಆಗಾಗ ಅಮೆರಿಕದ ಡಿಸ್ಕೋ ಗಾಯಕಿ ಗ್ಲೋರಿಯಾ ಗೇನರ್ ಹೆಸರು ಬರೆಯುತ್ತೀರಿ. ಅವರದು ‘ಐ ವಿಲ್ ಸರ್ವೈವ್’ ಒಂದೇ ಹಾಡು ಅಲ್ವಾ? ಆಮೇಲೆ ಏನಾದರು?
– ಓದುಗರು, ಮಂಡ್ಯ

ಉತ್ತರ: ತಾಯಿ, ‘ಒಂದೇ ಹಾಡು’ ಅನ್ನೋ ಮಾತು ಮೊದಲು ಬಿಡಿ. ಗ್ಲೋರಿಯಾ ಹುಟ್ಟಿದ್ದು 1943ರಲ್ಲಿ, ಅಮೆರಿಕದ ನ್ಯೂವಾರ್ಕಿನಲ್ಲಿ. ಮೊದಲ ರೆಕಾರ್ಡ್ 1965ರಲ್ಲೇ ಬಂತು, ಅದು ‘ಸೋಲ್’, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತದ ಹಾಡು. ಹೆಸರು ತರಲಿಲ್ಲ. ವರ್ಷಗಟ್ಟಲೆ ಕ್ಲಬ್ಬುಗಳಲ್ಲಿ ಹಾಡಿದರು, ನೀವು ಪೆಂಡಾಲಿನಿಂದ ಪೆಂಡಾಲಿಗೆ ಓಡುವ ಹಾಗೆ. 1975ರ ಆಲ್ಬಮ್ಮಿನ ಒಂದು ಮಗ್ಗುಲಲ್ಲಿ ಮೂರು ಹಾಡುಗಳನ್ನು ಎಲ್ಲೂ ನಿಲ್ಲಿಸದೆ ಸೇರಿಸಿದ್ದರು, ಕುಣಿಯುವವರ ಕಾಲು ನಿಲ್ಲಬಾರದು ಅಂತ.

1978ರಲ್ಲಿ ನ್ಯೂಯಾರ್ಕಿನ ಸ್ಟೇಜಿನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಆಪರೇಷನ್ ಆಯಿತು. ‘ಐ ವಿಲ್ ಸರ್ವೈವ್’ ಹಾಡಿದ್ದು ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ. ಅದನ್ನು ರೆಕಾರ್ಡಿನ ಹಿಂದಿನ ಮಗ್ಗುಲಿಗೆ ಹಾಕಿದ್ದರು. ಡಿಸ್ಕೋ ಕ್ಲಬ್ಬಿನ ಡಿಜೆಗಳು ತಿರುವಿ ಹಾಕಿದರು. 1979ರ ಮಾರ್ಚಿನಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಆಗ ಅವರಿಗೆ 35.

ನಾನು 20 ವರ್ಷ ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸಿದವನು. ಆ ಹಾಡಿನ ಶುರು ಕೇಳಿದರೆ ಈಗಲೂ ಕೈ ತಡೆದು ಕೂರುತ್ತೇನೆ. ಪಿಯಾನೋ ಒಮ್ಮೆ ಸರ್ರನೆ ಹರಿಯುತ್ತದೆ. ತಾಳವಿಲ್ಲ. ಎದುರಿಗೆ ಕೂತು ಮಾತಾಡಿದ ಹಾಗೆ ಹಾಡುತ್ತಾರೆ. ಡ್ರಮ್ಸ್ ಬೀಳುವುದು ಆಮೇಲೆ. ಹಿಂದೆ ಕೋರಸ್ ಕೂಡ ಇಲ್ಲ. ಕೀರಲು ದನಿಯಲ್ಲ ಅದು, ಎದೆಯಿಂದ ಬರುವ ತುಂಬು ದನಿ.

ಗ್ರ್ಯಾಮಿ ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ. ಅದನ್ನು ಡಿಸ್ಕೋಗೆ ಅಂತಲೇ ಕೊಟ್ಟಿದ್ದು 1980ರಲ್ಲಿ ಮಾತ್ರ. ಅದು ಈ ಹಾಡಿಗೇ ಬಂತು. ಅಷ್ಟರಲ್ಲಿ ಡಿಸ್ಕೋ ಅಲೆ ಇಳಿಯುತ್ತಿತ್ತು. ಇವರು ಹಾಡು ಬಿಡಲಿಲ್ಲ. 2020ರಲ್ಲಿ ಗಾಸ್ಪೆಲ್ ಆಲ್ಬಮ್ಮಿಗೆ, ಅಂದರೆ ಕ್ರೈಸ್ತರ ಭಜನೆ ಅನ್ನಿ, ಇನ್ನೊಂದು ಗ್ರ್ಯಾಮಿ. ವಯಸ್ಸು 76.

ಇನ್ನು ನಿಮ್ಮ ಗಂಟಲು. ಕೀಬೋರ್ಡ್‌ನವರಿಗೆ ಶ್ರುತಿ ಒಂದು ಮನೆ ಇಳಿಸಲು ಹೇಳಿ. ಇದರಲ್ಲಿ ನಾಚಿಕೆ ಏನಿಲ್ಲ. ಒರಿಜಿನಲ್ ಶ್ರುತಿಯಲ್ಲೇ ಹಾಡುತ್ತೇನೆ ಅನ್ನೋ ಹಟಕ್ಕೆ ಒಳ್ಳೊಳ್ಳೆ ಗಂಟಲು ಕೆಟ್ಟಿದ್ದನ್ನು ಹಿಂದೆ ಕೂತು ನೋಡಿದ್ದೇನೆ. ನೋವು ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಆ ‘ಚಿಕ್ಕ ಹುಡುಗಿ’ ಮಾತು ಓದಿ ನನಗೂ ಹೊಟ್ಟೆ ಉರಿಯಿತು. ಈ ಸಲ ಪ್ರೋಗ್ರಾಂ ಎಲ್ಲಿ ಅಂತ ಬರೆಯಿರಿ. ಮೈಸೂರಿನಿಂದ ಬಸ್ ಹತ್ತಿ ಬರುತ್ತೇನೆ.