ಕ್ಯಾಮೆರಾ ಕಾರ್ಡ್‌ನಿಂದ ಅಳಿಸಿ ಹೋದ ಜಾತ್ರೆ ಫೋಟೋ ವಾಪಸ್ ಸಿಗುತ್ತಾ?

ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ತೆಗೆದ ಫೋಟೋಗಳೆಲ್ಲ ಕೈತಪ್ಪಿ ಡಿಲೀಟ್ ಆಗಿವೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಕಾರ್ಡನ್ನು ಕ್ಯಾಮೆರಾದಿಂದ ಹೊರಗೆ ತೆಗೆಯಿರಿ, ಆಮೇಲೆ ಮುಂದೆ ಓದಿ. ಅದರ ಪಕ್ಕದಲ್ಲಿ ಸಣ್ಣ ಲಾಕ್ ಇದ್ದರೆ ಹಾಕಿಡಿ. ಇನ್ನು ಅದರಲ್ಲಿ ಒಂದೇ ಒಂದು ಫೋಟೋನೂ ತೆಗೆಯಬೇಡಿ.

ಡಿಲೀಟ್ ಒತ್ತಿದ ತಕ್ಷಣ ಫೋಟೋ ಅಳಿಯುವುದಿಲ್ಲ. ಈ ಜಾಗ ಖಾಲಿ ಇದೆ ಅಂತ ಕಾರ್ಡ್‌ನ ಪಟ್ಟಿಯಲ್ಲಿ ಗುರುತು ಬೀಳುತ್ತದೆ, ಅಷ್ಟೇ. ಕಾರ್ಡನ್ನು ಬೇಗ ಖಾಲಿ ಮಾಡುವ ಕ್ವಿಕ್ ಫಾರ್ಮ್ಯಾಟ್‌ನಲ್ಲೂ ಸಾಮಾನ್ಯವಾಗಿ ಹೀಗೇ. ಆದರೆ ಆ ಜಾಗದಲ್ಲಿ ಹೊಸ ಫೋಟೋ ಬಂದು ಕೂತರೆ ಹಳೆಯದರ ಆಸೆ ಬಿಡಬೇಕು.

ನಾನು ಬಾಗಲಕೋಟೆ ನವನಗರದವನು. ತಂಗಿಯ ಕುಬಸದ ಮರುದಿನ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಇಳಕಲ್ ಸೀರೆ ಉಟ್ಟ ಅಜ್ಜಿ ಅವಳ ಉಡಿ ತುಂಬುತ್ತಿದ್ದ ಫೋಟೋ ಅದರಲ್ಲಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ಪೂರ್ತಿ ಉಚಿತ. ಅದು ಪಟ್ಟಿಯನ್ನು ನೋಡುವುದೇ ಇಲ್ಲ, ಕಾರ್ಡನ್ನು ಮೊದಲಿಂದ ಕೊನೆಯವರೆಗೆ ಜಾಲಾಡುತ್ತದೆ. ಜೆಪೆಗ್ ಫೋಟೋ ಶುರುವಾಗುವ ಕಡೆ 'ಎಫ್‌ಎಫ್ ಡಿ8' ಅನ್ನೋ ಗುರುತು ಇದ್ದೇ ಇರುತ್ತದೆ. ಆ ಗುರುತು ಕಂಡಲ್ಲೆಲ್ಲ ಫೋಟೋರೆಕ್ ಫೋಟೋ ಎತ್ತಿ ಕೊಡುತ್ತದೆ. ಹಳೆ ಹೆಸರು ಸಿಗಲಿಲ್ಲ. ಕೆಲವು ಅರ್ಧ ಬೂದು ಬಣ್ಣಕ್ಕೆ ತಿರುಗಿದ್ದವು. ಅಜ್ಜಿಯ ಫೋಟೋ ಮಾತ್ರ ಪೂರ್ತಿ ಬಂತು. ತಕ್ಷಣ ಪ್ರಿಂಟ್ ಹಾಕಿಸಿದೆ.

ಫೋಟೋರೆಕ್ ತೆರೆದಾಗ ಬರುವ, ಬರೀ ಅಕ್ಷರಗಳಿರುವ ಕಪ್ಪು ಪರದೆ ನೋಡಿ ಗಾಬರಿಯಾದರೆ, ಅದರದೇ ಇನ್ನೊಂದು ರೂಪ ಕ್ಯೂಫೋಟೋರೆಕ್ ಇದೆ. ಅದರಲ್ಲಿ ಮೌಸ್‌ನಿಂದಲೇ ಕೆಲಸ ಆಗುತ್ತದೆ. ಸಿಕ್ಕಿದ್ದನ್ನು ಲ್ಯಾಪ್‌ಟಾಪ್‌ನಲ್ಲಿ ಉಳಿಸಿ. ಅದೇ ಕಾರ್ಡ್‌ಗೆ ಹಾಕಿದರೆ ಇನ್ನೂ ಸಿಗಬೇಕಾದ ಫೋಟೋಗಳ ಮೇಲೇ ಬರೆದಂತೆ, ಅಲ್ವಾ? ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿದರೆ ಬೇಡ ಅನ್ನಿ.

ಮೊಬೈಲ್‌ನಲ್ಲೂ ಕೆಲವು ತೆಗೆದಿದ್ದರೆ ಮೊದಲು ಗೂಗಲ್ ಫೋಟೋಸ್‌ನ ಟ್ರ್ಯಾಶ್ ನೋಡಿ. ಬ್ಯಾಕಪ್ ಆಗಿದ್ದವು ಅಲ್ಲಿ 60 ದಿನ ಇರುತ್ತವೆ. ಐಫೋನ್‌ನಲ್ಲಿ ಡಿಲೀಟ್ ಆದವು 30 ದಿನ ಉಳಿಯುತ್ತವೆ. ಅಲ್ಲಿಂದಲೂ ಹೋಗಿದ್ದರೆ ಕಷ್ಟ. ಈಗಿನ ಮೊಬೈಲ್‌ಗಳ ಒಳಗಿನ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿರುತ್ತದೆ. ಪಕ್ಕಾ ವಾಪಸ್ ತರ್ತೀವಿ ಅಂತ ದುಡ್ಡು ಕೇಳುವ ಆ್ಯಪ್‌ಗಳಿಗೆ ಸುಮ್ನೆ ಕೊಡಬೇಡಿ. ಅದರ ಬದಲು ವಾಟ್ಸಾಪ್‌ನಲ್ಲಿ ಯಾರಿಗೆ ಕಳಿಸಿದ್ದಿರೋ ಅವರನ್ನು ಕೇಳಿ. ಸ್ಪಷ್ಟತೆ ಕಡಿಮೆ ಇದ್ದರೂ ತೇರಿನ ಫೋಟೋ ಕೈಗೆ ಬರಬಹುದು.

ಕಾರ್ಡ್ ಕಂಪ್ಯೂಟರ್‌ನಲ್ಲಿ ಕಾಣಿಸುತ್ತಿದೆಯಾ ಇಲ್ವಾ ಅಂತ ತಿಳಿಸಿ. ಕಾಣುತ್ತಿದ್ದರೆ ಮುಂದಿನದನ್ನು ಒಂದೊಂದಾಗಿ ಹೇಳುತ್ತೇನೆ.